ಆ ಗುಡಾಣ ಇದ್ದಲ್ಲೇ ಇರಲಿ

ಕೇರಳದ ವಯನಾಡಿನಲ್ಲಿ ಮಾನಂತವಾಡಿಯಿಂದ ಕುಟ್ಯಾಡಿಯ ಕಡೆಗೆ ಹೊರಟರೆ ದಾರಿಯಲ್ಲಿ ವೆಳ್ಳಮುಂಡ ಸಿಗುತ್ತದೆ. ಬದಿಯಲ್ಲಿ ಬಾಣಾಸುರ ಬೆಟ್ಟದ ಸಾಲು, ಇಳಿಜಾರಿನಲ್ಲೆಲ್ಲ ಕಾಫಿ ಮತ್ತು ಕಾಳುಮೆಣಸು, ತಗ್ಗಿನಲ್ಲಿ ಗದ್ದೆ, ಭತ್ತ ಬಿಟ್ಟಲ್ಲಿ ಬಾಳೆ. ಕೊಡಗಿನವರಿಗೂ ಹೆಗ್ಗಡದೇವನಕೋಟೆಯವರಿಗೂ ಇದು ಪರಸೀಮೆಯೇನಲ್ಲ. ಕುಟ್ಟ ದಾಟಿದರೆ ವಯನಾಡು. ಸುಲ್ತಾನ್ ಬತ್ತೇರಿಗೆ ಜೈನರ ಕಾಲದಲ್ಲಿ ಹನ್ನೆರಡು ಬೀದಿ ಎಂಬ ಹೆಸರಿತ್ತು. ಪನಮರದ ಹತ್ತಿರ ಪಾಳುಬಿದ್ದಿರುವ ಎರಡು ದೇವಸ್ಥಾನಗಳನ್ನು ಇಂದಿಗೂ ಜನಾರ್ದನ ಗುಡಿ, ವಿಷ್ಣು ಗುಡಿ ಎಂದೇ ಕರೆಯುತ್ತಾರೆ. ಕಾಡಂಚಿನ ಬೆಟ್ಟಕುರುಬರು ಮನೆಯಲ್ಲಿ ಮಾತಾಡುವುದನ್ನು ಕೇಳಿದರೆ ಕನ್ನಡದವರಿಗೆ ಎಷ್ಟೋ ಮಾತು ತಾನಾಗಿಯೇ ತಿಳಿಯುತ್ತದೆ.

ನಾನು ಇವತ್ತು ಹೇಳಹೊರಟಿರುವುದು ಈ ಬೀದಿ, ಗುಡಿಗಳಿಗಿಂತ ಬಹಳ ಹಳೆಯ ಸಂಗತಿ. ವಯನಾಡು, ಕೊಡಗು, ನೀಲಗಿರಿ ಈ ಮೂರೂ ಸೀಮೆಗಳಲ್ಲಿ ಬಾಳೆಗೋ ಮೆಣಸಿನ ಬಳ್ಳಿಗೋ ಗುಂಡಿ ತೋಡುವಾಗ, ಮನೆಗೆ ಪಾಯ ತೆಗೆಯುವಾಗ, ಹಾರೆ ಹೋಗಿ ಒಂದು ಚಪ್ಪಡಿಗೆ ಬಡಿಯಬಹುದು. ಚಪ್ಪಡಿಯ ಕೆಳಗೆ ದಪ್ಪ ಗೋಡೆಯ ಒಂದು ಮಣ್ಣಿನ ಗುಡಾಣ. ಅದರೊಳಗೆ ಮಣ್ಣು, ಮಣ್ಣಿನ ನಡುವೆ ಸಣ್ಣಪುಟ್ಟ ಕುಡಿಕೆ, ತುಕ್ಕು ತಿಂದ ಕಬ್ಬಿಣದ ಒಂದು ತುಂಡು, ಅದೃಷ್ಟವಿದ್ದರೆ ನಾಲ್ಕು ಮಣಿ. ಆಗ ಏನು ಮಾಡಬೇಕು? ಉತ್ತರ ಒಂದೇ ಮಾತಿನದು. ಮುಟ್ಟಬಾರದು. ಯಾಕೆ ಮುಟ್ಟಬಾರದು ಎಂದು ಹೇಳುವುದಕ್ಕೆ ಮಾತ್ರ ನನಗೆ ಸ್ವಲ್ಪ ಹೊತ್ತು ಬೇಕು.

ಇವು ಗೋರಿಗಳು. ಸುಮಾರು ಕ್ರಿಸ್ತಪೂರ್ವ 1200ರಿಂದ ಕ್ರಿಸ್ತಶಕದ ಮೊದಲ ಶತಮಾನಗಳ ತನಕ, ಕಬ್ಬಿಣ ಬಳಸಲು ಕಲಿತಿದ್ದ ಜನ ದಕ್ಷಿಣ ಭಾರತದ ಉದ್ದಗಲಕ್ಕೂ ಮಾಡಿಟ್ಟು ಹೋದವು. ಊರೂರಿಗೂ ಬೇರೆ ಹೆಸರು. ಗುಡಾಣವನ್ನು ಮಲಯಾಳದಲ್ಲಿ ನನ್ನಂಗಾಡಿ ಎನ್ನುತ್ತಾರೆ. ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಲಿನ ಕೋಣೆಗೆ ಅಲ್ಲಿ ಮುನಿಯರ. ನಮ್ಮ ಬಯಲುಸೀಮೆಯಲ್ಲಿ ಅದೇ ಮೋರ್ಯರ ಮನೆ, ಕೆಲವು ಕಡೆ ಪಾಂಡವರ ಮನೆ. ತ್ರಿಶ್ಶೂರಿನ ಬಳಿ ಚೇರಮನಂಗಾಡಿನಲ್ಲಿ ಕೊಡೆಯ ಆಕಾರದ ಕಲ್ಲುಗಳು ಸಾಲಾಗಿ ಕೂತಿವೆ. ಕಾಸರಗೋಡು, ಕಣ್ಣೂರು ಕಡೆ ಮುರಕಲ್ಲನ್ನೇ ಕೊರೆದು, ನೆತ್ತಿಗೆ ದುಂಡನೆ ಕಿಂಡಿ ಬಿಟ್ಟು, ಗುಹೆ ಮಾಡಿದ್ದಾರೆ. ಮುರಕಲ್ಲು ನೆಲದೊಳಗೆ ಇರುವತನಕ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ. ಅದನ್ನು ತಿಳಿದವರು ಮಾಡಿದ ಕೆಲಸ ಅದು. ಕೊಡಗಿನಲ್ಲಿ ಕುಶಾಲನಗರದ ಹತ್ತಿರ ಮೋರಿಬೆಟ್ಟ, ಸೋಮವಾರಪೇಟೆಯ ಬಳಿ ದೊಡ್ಡಮಳ್ತೆ. ಅಲ್ಲಿ ಕಲ್ಲುಚಪ್ಪಡಿಯ ಗೋರಿಗಳು. ಕಲ್ಲು ಯಾವುದು ಸಿಗುತ್ತದೋ ಗೋರಿಯೂ ಅದರದ್ದೇ. ಚಪ್ಪಡಿ ಸುಲಭಕ್ಕೆ ಸಿಗದ ಕಡೆ ಕುಂಬಾರನ ಗುಡಾಣ.

ವಯನಾಡಿನ ಗುಡಾಣಗಳು ಹೊಸ ಸುದ್ದಿಯಲ್ಲ. ಎಲ್. ಎ. ಕಮಿಯಾಡ್ ಎಂಬವರು 1930ರಲ್ಲೇ ಲಂಡನ್ನಿನ ‘ಮ್ಯಾನ್’ ಪತ್ರಿಕೆಯಲ್ಲಿ ಇವುಗಳ ಬಗ್ಗೆ ಬರೆದರು. ಅದಕ್ಕೂ ಮೊದಲು, ಮಲಬಾರಿನ ಪೊಲೀಸ್ ಸೂಪರಿಂಟೆಂಡೆಂಟ್ ಆಗಿದ್ದ ಫಾಸೆಟ್ ಅಂಬುಕುತ್ತಿ ಬೆಟ್ಟದ ಎಡಕ್ಕಲ್ ಬಿರುಕಿನ ಗೋಡೆಯ ಮೇಲಿನ ಕೆತ್ತನೆಗಳನ್ನು ನೋಡಿ, 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ್ದ. ಎಡಕ್ಕಲ್ಲಿಗೆ ಹೆಸರು ಬಂತು. ಈಗ ಅಲ್ಲಿ ಟಿಕೆಟು, ಜೀಪು, ರಜೆ ದಿನ ಉದ್ದುದ್ದ ಸಾಲು. ಗುಡಾಣಗಳ ಪಾಲಿಗೆ ಹಾರೆ ಬಂತು. ಗೋಡೆಯ ಮೇಲಿನ ಚಿತ್ರ ಕಣ್ಣಿಗೆ ಕಾಣುತ್ತದೆ, ಕದ್ದೊಯ್ಯಲು ಆಗುವುದಿಲ್ಲ. ನೆಲದೊಳಗಿನದು ಕಾಣುವುದಿಲ್ಲ, ಕಂಡ ದಿನವೇ ಒಡೆದುಹೋಗುತ್ತದೆ.

ಈ ಗುಡಾಣಗಳ ಬಗ್ಗೆ ಕೇರಳದಲ್ಲೂ ತಮಿಳುನಾಡಿನಲ್ಲೂ ಒಂದು ಕತೆ ಪ್ರಚಾರದಲ್ಲಿದೆ. ಹಿಂದಿನ ಕಾಲದವರಿಗೆ ಸಾವೇ ಬರುತ್ತಿರಲಿಲ್ಲವಂತೆ. ಮುದುಕರು ಬದುಕಿ ಬದುಕಿ ಕುಗ್ಗಿ ಮಗುವಿನಷ್ಟಾಗಿಬಿಡುತ್ತಿದ್ದರಂತೆ. ಅವರನ್ನು ನೋಡಿಕೊಳ್ಳಲಾಗದೆ ಮಕ್ಕಳು ಗುಡಾಣದೊಳಗೆ ಕೂರಿಸಿ, ಒಂದಷ್ಟು ಅನ್ನ ನೀರು, ಒಂದು ಹಣತೆ ಇಟ್ಟು ಮುಚ್ಚಿಬಿಡುತ್ತಿದ್ದರಂತೆ. ನಮ್ಮ ಮೋರ್ಯರ ಕತೆ ಇನ್ನೊಂದು ಬಗೆಯದು. ಮೋರ್ಯರು ಗೇಣುದ್ದದ ಜನ; ಬೆಂಕಿಮಳೆ ಬರುತ್ತದೆ ಎಂದು ತಿಳಿದು ಕಲ್ಲಿನ ಮನೆ ಕಟ್ಟಿಕೊಂಡರು, ಆದರೂ ಸುಟ್ಟು ಸತ್ತರು ಎಂದು ಹೇಳುತ್ತಾರೆ. ಎರಡು ಕತೆಗಳಲ್ಲೂ ಸತ್ತವರು ಕುಳ್ಳರು ಎಂಬುದನ್ನು ಗಮನಿಸಿ. ಇಷ್ಟು ಚಿಕ್ಕ ಬಾಯಿಯ ಗುಡಾಣದೊಳಗೆ, ಇಷ್ಟು ಚಿಕ್ಕ ಕಿಂಡಿಯ ಕಲ್ಲುಕೋಣೆಯೊಳಗೆ ಮನುಷ್ಯ ಹೋದದ್ದಾದರೂ ಹೇಗೆ ಎಂಬ ಪ್ರಶ್ನೆ ಜನರಿಗೆ ಬಂದಿತ್ತು. ಕತೆ ಅದಕ್ಕೆ ಕೊಟ್ಟ ಉತ್ತರ. ಪ್ರಶ್ನೆ ಸರಿಯಾದದ್ದೇ. ಪುರಾತತ್ವದವರು ಕೇಳಿದ್ದೂ ಅದನ್ನೇ.

ಅವರಿಗೆ ಸಿಕ್ಕ ಉತ್ತರ ಬೇರೆ. ಇಂಥ ಬಹುಪಾಲು ಗೋರಿಗಳಲ್ಲಿ ಇಟ್ಟದ್ದು ಹೆಣವನ್ನಲ್ಲ, ಮೂಳೆಗಳನ್ನು. ಹೆಣವನ್ನು ಮೊದಲು ಬಯಲಲ್ಲಿ ಬಿಟ್ಟೋ, ಬೇರೆ ಕಡೆ ಹೂತೋ, ಮಾಂಸ ಕರಗಿದ ಮೇಲೆ ಆಯ್ದ ಮೂಳೆಗಳನ್ನು, ಹೆಚ್ಚಾಗಿ ತಲೆಬುರುಡೆ ಮತ್ತು ಕೈಕಾಲಿನ ಉದ್ದ ಮೂಳೆಗಳನ್ನು, ತಂದು ಒಳಗಿಡುತ್ತಿದ್ದರು. ಒಂದೇ ಕೋಣೆಯಲ್ಲಿ ಹಲವರ ಮೂಳೆ ಇರುವುದೂ ಉಂಟು. ಅಂದರೆ ಸಾವಿಗೂ ಗೋರಿಗೂ ನಡುವೆ ತಿಂಗಳುಗಳೋ ವರ್ಷವೋ ಕಳೆದಿರುತ್ತಿತ್ತು. ಅಷ್ಟರಲ್ಲಿ ಕಲ್ಲು ಎಬ್ಬಿಸಬೇಕು, ಕುಂಬಾರನಿಗೆ ಹೇಳಿ ಗುಡಾಣ ಮಾಡಿಸಬೇಕು, ನೆಂಟರಿಗೆ ಹೇಳಿಕಳಿಸಬೇಕು, ಬಂದವರಿಗೆ ಉಣ್ಣಲು ಇಡಬೇಕು. ಖರ್ಚಿನ ಬಾಬತ್ತು. ಬೆಳೆ ಕೈಗೆ ಬಂದ ಮೇಲೆಯೇ ಮಾಡುತ್ತಿದ್ದರೇನೋ ಎಂದು ನನಗೆ ಅನಿಸುತ್ತದೆ. ಇದು ನನ್ನ ಊಹೆ, ಶಾಸ್ತ್ರವಲ್ಲ.

ಇನ್ನು ಗುಡಾಣವೆಲ್ಲ ಮುದುಕರದ್ದು ಎಂಬ ಮಾತು. ಕರ್ನಾಟಕದಲ್ಲಿ ಈ ಗೋರಿಗಳಿಗೂ ಹಿಂದಿನ ನವಶಿಲಾಯುಗದವರು, ಅಂದರೆ ಬ್ರಹ್ಮಗಿರಿ, ತೆಕ್ಕಲಕೋಟೆಯ ಬೆಟ್ಟಗಳಲ್ಲಿ ದನ ಸಾಕಿಕೊಂಡಿದ್ದ ಜನ, ದೊಡ್ಡವರನ್ನು ನೆಲದಲ್ಲಿ ಉದ್ದಕ್ಕೆ ಮಲಗಿಸಿ ಹೂಳುತ್ತಿದ್ದರು. ಮಡಕೆಯೊಳಗೆ ಇಡುತ್ತಿದ್ದದ್ದು ಎಳೆಮಕ್ಕಳನ್ನು. ಎಷ್ಟೋ ಸಲ ಮನೆಯ ನೆಲದ ಕೆಳಗೇ. ಕತೆ ಮುದುಕರನ್ನು ಮಗುವಾಗಿಸಿತ್ತು. ಮಣ್ಣಿನೊಳಗೆ ಇದ್ದದ್ದು ನಿಜವಾಗಿಯೂ ಮಗು.

ಹಾಗಾದರೆ ವಯನಾಡಿನ ಗುಡಾಣದಲ್ಲಿ ಯಾರಿದ್ದರು, ಗಂಡೋ ಹೆಣ್ಣೋ, ವಯಸ್ಸೆಷ್ಟು? ಇಲ್ಲಿ ಮಳೆಯೇ ಅಡ್ಡ ಬರುತ್ತದೆ. ಮಲೆನಾಡಿನ ಮಣ್ಣು ಹುಳಿ. ಸುಣ್ಣದಂಶವಿರುವ ಮೂಳೆಯನ್ನು ಎರಡು ಸಾವಿರ ವರ್ಷಗಳ ಮಳೆಗಾಲ ಕರಗಿಸಿಬಿಡುತ್ತದೆ. ಬಯಲುಸೀಮೆಯ ಒಣಮಣ್ಣಿನಲ್ಲಿ ಬುರುಡೆ, ಹಲ್ಲು ಉಳಿದರೆ ಕೇರಳದ ಗುಡಾಣಗಳಲ್ಲಿ ಉಳಿಯುವುದು ಚೂರುಪಾರು, ಅನೇಕ ಸಲ ಅದೂ ಇಲ್ಲ. ಮೂಳೆ ಉಳಿದಲ್ಲೂ ಅದರ ಒಳಗಿನ ಡಿಎನ್ಎ ಉಳಿಯುವುದು ಕಷ್ಟ. ಹರಿಯಾಣದ ರಾಖಿಗಢಿ ಹರಪ್ಪ ನಾಗರಿಕತೆಯ ದೊಡ್ಡ ಪಟ್ಟಣ. ಅಲ್ಲಿನ ಸ್ಮಶಾನದಿಂದ 61 ಮಾದರಿಗಳನ್ನು ಪರೀಕ್ಷಿಸಿದಾಗ ಓದಲು ಬರುವಷ್ಟು ಡಿಎನ್ಎ ಸಿಕ್ಕಿದ್ದು ಒಂದರಲ್ಲಿ, ಒಬ್ಬ ಹೆಂಗಸಿನದು. ವಸಂತ ಶಿಂಧೆ ಮತ್ತು ಸಂಗಡಿಗರು 2019ರಲ್ಲಿ ಅದನ್ನು ಪ್ರಕಟಿಸಿದರು. ಅಂಥ ಒಣನಾಡಿನಲ್ಲೇ ಆ ಗತಿಯಾದರೆ ವಯನಾಡಿನ ಮಾತು ಹೇಳುವುದೇ ಬೇಡ.

ಅದೇ ನಾಗರಿಕತೆಯ ಇನ್ನೊಂದು ಪಟ್ಟಣ, ಕಚ್ಛಿನ ಧೋಲವೀರದಲ್ಲಿ ಇನ್ನೂ ವಿಚಿತ್ರ. ಅಲ್ಲಿ ಗುಮ್ಮಟದಂಥ ದೊಡ್ಡ ದಿಬ್ಬದ ಗೋರಿಯನ್ನು ಅಗೆದರೆ ಒಳಗೆ ಅಸ್ಥಿಪಂಜರವೇ ಇಲ್ಲ; ಮಡಕೆ, ಆಭರಣ ಮಾತ್ರ. ಕರಗಿಹೋದದ್ದಲ್ಲ, ಇಟ್ಟೇ ಇಲ್ಲ ಎನ್ನುತ್ತಾರೆ. ಬೇರೆಲ್ಲೋ ಸತ್ತವರ ನೆನಪಿಗೆ ಕಟ್ಟಿದ್ದು. ಕರಗಿದ್ದು ಯಾವುದು, ಇಡದೆಯೇ ಬಿಟ್ಟದ್ದು ಯಾವುದು ಎಂದು ತಿಳಿಯುವುದು ಹೇಗೆ? ಮೂಳೆ ಕರಗಿದರೂ ಅದರ ರಂಜಕ ಸುತ್ತಲಿನ ಮಣ್ಣಿನಲ್ಲಿ ಸೇರಿಕೊಂಡಿರುತ್ತದೆ. ಗುಡಾಣದ ತಳದ ಮಣ್ಣನ್ನೂ ಹೊರಗಿನ ಮಣ್ಣನ್ನೂ ಬೇರೆಬೇರೆಯಾಗಿ ಎತ್ತಿಟ್ಟು ಪರೀಕ್ಷಿಸಿದರೆ ವ್ಯತ್ಯಾಸ ಕಾಣಬಹುದು. ಆದರೆ ಗುಡಾಣ ಕಂಡ ಕೂಡಲೇ ನಾವು ಮೊದಲು ಮಾಡುವ ಕೆಲಸ ಏನು? ಒಳಗಿನ ಮಣ್ಣನ್ನು ಹೊರಗೆ ಸುರಿಯುವುದು. ಅಲ್ಲಿಗೆ ಮುಗಿಯಿತು. ಯಾರಿಗೂ ಬೇಡವಾದ ಆ ಮಣ್ಣೇ ಗೋರಿಯೊಳಗಿನ ಮನುಷ್ಯ.

ಈ ಗೋರಿಗಳನ್ನು ತೋಡಿದವರ ಚರಿತ್ರೆಯಲ್ಲೂ ಇದೇ ಪಾಠವಿದೆ. ಮಲಬಾರಿನ ‘ಪಾಂಡು ಕುಳಿ’ಗಳನ್ನು ತೆರೆಸಿ ನೋಡಿದ ಬ್ಯಾಬಿಂಗ್ಟನ್‌ನ ಬರಹ 1823ರಲ್ಲಿ ಮುಂಬಯಿಯ ಲಿಟರರಿ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಭಾರತದಲ್ಲಿ ಇಂಥ ಗೋರಿಗಳ ಬಗ್ಗೆ ಬಂದ ಮೊದಲ ಬರಹಗಳಲ್ಲಿ ಅದೊಂದು. ಅಂದರೆ ಈ ವಿದ್ಯೆ ಶುರುವಾದದ್ದೇ ವಯನಾಡಿನ ಘಾಟಿಯ ಕೆಳಗೆ. ಆಮೇಲೆ ಬಂದವರಲ್ಲಿ ನನಗೆ ಮೆಚ್ಚುಗೆಯಾಗುವವನು ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್. ಠಕ್ಕರ ಕತೆ ಬರೆದು ಇಂಗ್ಲೆಂಡಿನಲ್ಲಿ ಹೆಸರಾದವನು. 1850ರ ಸುಮಾರಿಗೆ ಜೇವರ್ಗಿಯ ಗೋರಿಗಳನ್ನು ತೋಡಿಸಿದಾಗ ಅವನು ಗುಂಡಿಯ ಪಕ್ಕದಗೋಡೆಯ ಚಿತ್ರ ಬರೆದ. ಯಾವ ಪದರದ ಮೇಲೆ ಯಾವುದು, ಮೂಳೆ ಎಲ್ಲಿ, ಮಡಕೆ ಎಲ್ಲಿ ಎಂದು. ಐರ್ಲೆಂಡಿನಲ್ಲೂ ಇಂಥದೇ ಕಲ್ಲುಗೋರಿ ಇರುವುದನ್ನು ಕಂಡು, ಇವರಿಬ್ಬರೂ ಒಂದೇ ಬುಡಕಟ್ಟಿನವರು ಎಂದು ಅವನು ತೀರ್ಮಾನಿಸಿದ್ದು ತಪ್ಪು. ತೀರ್ಮಾನ ಹೋಯಿತು, ಚಿತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ನೀಲಗಿರಿಯಲ್ಲಿ ಇದರ ತಿರುಗುಮುರುಗು. ಅಲ್ಲಿನ ಮೊದಲ ಕಮಿಷನರ್ ಬ್ರೀಕ್ಸ್ ಬೆಟ್ಟದ ಗೋರಿಗಳನ್ನು ಒಂದೊಂದಾಗಿ ತೆರೆಸಿದ. ಅವನು ತೀರಿಕೊಂಡ ಮೇಲೆ 1873ರಲ್ಲಿ ಅವನ ಪುಸ್ತಕ ಹೊರಬಂತು. ಎಂಥ ಸೊಗಸಾದ ವಸ್ತುಗಳು ಸಿಕ್ಕವು! ಮುಚ್ಚಳದ ಮೇಲೆ ಕೊಂಬು ಚಾಚಿದ ಎಮ್ಮೆ ನಿಂತಿರುವ ಗಡಿಗೆಗಳು, ಕಂಚಿನ ಬಟ್ಟಲುಗಳು. ಆ ಬೆಟ್ಟದ ಇಂಥ ವಸ್ತುಗಳು ಈಗ ಮದರಾಸಿನ ಸಂಗ್ರಹಾಲಯದಲ್ಲಿವೆ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೂ ಇವೆ. ಆದರೆ ಯಾವ ಗಡಿಗೆಯ ಪಕ್ಕ ಯಾವ ಬಟ್ಟಲಿತ್ತು, ಯಾವುದು ಮೇಲಿತ್ತು, ಯಾವುದು ಕೆಳಗೆ ಎಂಬುದು ಅನೇಕ ಕಡೆ ದಾಖಲಾಗಲಿಲ್ಲ. ಹಾಗಾಗಿ ಅವುಗಳ ಕಾಲದ ಬಗ್ಗೆ ವಿದ್ವಾಂಸರು ನೂರೈವತ್ತು ವರ್ಷಗಳಿಂದ ಜಗಳಾಡುತ್ತಲೇ ಇದ್ದಾರೆ. ಪುಟಸಂಖ್ಯೆ ಇಲ್ಲದ ಪುಸ್ತಕದಿಂದ ಚಿತ್ರವಿರುವ ಹಾಳೆಗಳನ್ನಷ್ಟೇ ಕಿತ್ತಿಟ್ಟುಕೊಂಡ ಹಾಗೆ.

ಇದಕ್ಕೆ ಎದುರಾಗಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯನ್ನು ನೋಡಿ. ಅಶೋಕನ ಶಾಸನವಿರುವ ಊರು. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅಲ್ಲಿ ಮೊದಲೇ ಅಗೆತ ನಡೆಸಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದ. ಅವನು ಗೋರಿಗಳನ್ನು ಮಾತ್ರ ಅಗೆಯಲಿಲ್ಲ. ಪಕ್ಕದ ಹಳೆಯ ಊರಿನ ನೆಲವನ್ನೂ ಪದರ ಪದರವಾಗಿ ಬಿಡಿಸಿದ. ತಳದಲ್ಲಿ ಕಲ್ಲುಕೊಡಲಿಯ ಜನ. ತೀರ ಮೇಲೆ ಶಾತವಾಹನರ ಕಾಲದ ಪದರ. ಅದರಲ್ಲಿ, ರೋಮಿನ ಸರಕು ಸಿಕ್ಕ ಪುದುಚೇರಿಯ ಅರಿಕಮೇಡಿನಲ್ಲಿದ್ದಂಥದೇ ಮಡಕೆಚೂರು. ನಡುವಿನ ಪದರದಲ್ಲಿ ಕಪ್ಪು-ಕೆಂಪು ಮಡಕೆ. ಗೋರಿಗಳಲ್ಲಿ ಇದ್ದದ್ದೂ ಅದೇ ಕಪ್ಪು-ಕೆಂಪು ಮಡಕೆ. ಹೀಗೆ ದಕ್ಷಿಣದ ಗೋರಿಗಳಿಗೆ ಕಾಲದ ಏಣಿಯಲ್ಲಿ ಮೊದಲ ಸಲ ಒಂದು ಮೆಟ್ಟಿಲು ಸಿಕ್ಕಿತು. ವೀಲರ್ ಹೇಳಿದ್ದು ಕ್ರಿಸ್ತಪೂರ್ವ 200ರ ಸುಮಾರು. ಮುಂದೆ 1965ರಲ್ಲಿ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾವ್ ಅಗೆದಾಗ, ಇದ್ದಿಲಿನ ಪರೀಕ್ಷೆ ಕಬ್ಬಿಣದ ಕಾಲವನ್ನು ಕ್ರಿಸ್ತಪೂರ್ವ 1000ದ ಆಸುಪಾಸಿಗೆ ಒಯ್ದಿತು. ವೀಲರನ ಲೆಕ್ಕ ಎಂಟುನೂರು ವರ್ಷ ಹಿಂದೆ ಸರಿಯಿತು. ಆದರೆ ಅವನು ಬಿಡಿಸಿಟ್ಟ ಪದರಗಳ ಸಾಲು ಹಾಗೆಯೇ ನಿಂತಿದೆ.

ಆ ಕಪ್ಪು-ಕೆಂಪು ಮಡಕೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಆಗದು. ಬಟ್ಟಲು ಕೈಯಲ್ಲಿ ಹಿಡಿದರೆ ಒಳಗೆಲ್ಲ ಕಪ್ಪು, ಬಾಯಿಯ ಅಂಚೂ ಕಪ್ಪು, ಹೊರಮೈ ಕೆಳಗೆ ಬಂದಂತೆ ಕೆಂಪು. ಎರಡು ಬಣ್ಣ ಬಳಿದದ್ದಲ್ಲ. ಕುಂಬಾರ ಅದನ್ನು ಬೋರಲು ಹಾಕಿ ಸುಡುತ್ತಿದ್ದ. ಬಾಯಿ ಹೊಟ್ಟು ಬೂದಿಗಳಲ್ಲಿ ಹೂತಿರುವುದರಿಂದ ಒಳಗೆ ಗಾಳಿ ಆಡುವುದಿಲ್ಲ, ಅಲ್ಲಿ ಕಪ್ಪಾಗುತ್ತದೆ. ಗಾಳಿ ತಾಗಿದ ಹೊರಮೈಯ ಮಣ್ಣಿನಲ್ಲಿನ ಕಬ್ಬಿಣ ಕೆಂಪಾಗುತ್ತದೆ. ಎಲ್ಲಿ ಕಪ್ಪು ನಿಂತು ಕೆಂಪು ಶುರುವಾಗುತ್ತದೋ ಅಲ್ಲಿ ಗೆರೆ ಹೊಡೆದಂತಿಲ್ಲ, ಹೊಗೆಯಾಡಿದಂತೆ ಒಂದು ಕಂದು ಪಟ್ಟಿ. ಹೊಳಪು ಬರಲು ಮೈಯನ್ನು ಉಜ್ಜಿದ್ದಾರೆ. ಕೆಲವು ಬಟ್ಟಲುಗಳ ಮೇಲೆ ಸುಟ್ಟ ಬಳಿಕ ಯಾರೋ ಮೊನೆಯಿಂದ ಗೀಚಿದ ಗುರುತು: ಏಣಿಯಂಥದು, ಬಾಣದಂಥದು. ಅಕ್ಷರವೆಂದು ಓದಲು ಹೊರಟವರು ಬಹಳ ಜನ. ಎಲ್ಲರೂ ಒಪ್ಪುವಂತೆ ಓದಿದವರು ಇಲ್ಲ. ಕುಂಬಾರನ ಗುರುತೋ ಮನೆತನದ ಗುರುತೋ ಇರಬಹುದು.

ಕಲ್ಲಿನ ಕೆಲಸವೂ ಹೀಗೆಯೇ ಲೆಕ್ಕಾಚಾರದ್ದು. ರೇಡಿಯೋದಲ್ಲಿ ಚಿತ್ರ ತೋರಿಸಲು ಬರುವುದಿಲ್ಲ, ಕೈಗೆ ಸಿಕ್ಕ ಕಾಗದದ ಮೇಲೆ ನೀವೇ ಬರೆದುಕೊಳ್ಳಿ. ಒಂದು ಚೌಕ. ನಾಲ್ಕು ಪಕ್ಕಕ್ಕೂ ಒಂದೊಂದು ಚಪ್ಪಡಿ. ಆದರೆ ಮೂಲೆಗಳಲ್ಲಿ ಅಂಚಿಗೆ ಅಂಚು ಕೂಡಿಸಬೇಡಿ. ಪ್ರತಿ ಚಪ್ಪಡಿಯ ಒಂದು ತುದಿ ಪಕ್ಕದ ಚಪ್ಪಡಿಯನ್ನು ದಾಟಿ ಸ್ವಲ್ಪ ಮುಂದೆ ಚಾಚಿರಲಿ. ಮೇಲಿನಿಂದ ನೋಡಿದರೆ ಸ್ವಸ್ತಿಕ. ಹೊರಗಿನ ಮಣ್ಣು ಚಪ್ಪಡಿಯನ್ನು ಒಳಕ್ಕೆ ದೂಡುತ್ತದೆ. ದೂಡಿದಷ್ಟೂ ಒಂದು ಇನ್ನೊಂದಕ್ಕೆ ಆತುಕೊಂಡು ಬಿಗಿಯಾಗುತ್ತದೆ. ಗಾರೆ ಬೇಡ, ಬೆಣೆ ಬೇಡ. ಮೇಲೆ ಟನ್ನುಗಟ್ಟಲೆ ತೂಕದ ಮುಚ್ಚಳಗಲ್ಲು. ಬ್ರಹ್ಮಗಿರಿಯ ಕೋಣೆಗಳಲ್ಲಿ ಪೂರ್ವದ ಚಪ್ಪಡಿಯಲ್ಲಿ ದುಂಡನೆ ಕಿಂಡಿ ಕೊರೆದಿದ್ದಾರೆ. ಮತ್ತೆ ಯಾರಾದರೂ ಸತ್ತಾಗ ಮುಚ್ಚಳ ಎತ್ತದೆ ಆ ಕಿಂಡಿಯಿಂದಲೇ ಮೂಳೆ ಒಳಗಿಡಬಹುದು. ಗೇಣುದ್ದದ ಮೋರ್ಯರ ಬಾಗಿಲು ಅದು.

ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರ ಹಿರೇಬೆಣಕಲ್ಲಿಗೆ ಹೋಗದವರು ಒಮ್ಮೆ ಹೋಗಬೇಕು. ಊರಿನಿಂದ ಬಂಡೆ ಹತ್ತಿ ನಡೆಯಬೇಕು, ಬೇಸಿಗೆಯಲ್ಲಿ ಬೇಡ. ಬೆಟ್ಟದ ಮೇಲೆ ಸುಮಾರು 400 ಗೋರಿಗಳು. ಅನೇಕವು ನೆಲದ ಮೇಲೆಯೇ, ಆಳೆತ್ತರ ಮೀರಿ ನಿಂತಿವೆ. ಚಪ್ಪಡಿ ಎಬ್ಬಿಸಿದ ಕಲ್ಲುಗಣಿ ಪಕ್ಕದಲ್ಲೇ ಇದೆ, ಈಗ ಅದು ಕೆರೆ. ಬಂಡೆಯ ನೆತ್ತಿಯ ಮೇಲೆ ಅರೆಗೋಳದ ಒಂದು ದೊಡ್ಡ ಕಲ್ಲು. ಬಡಿದರೆ ನಗಾರಿಯಂತೆ ದೂರಕ್ಕೆ ಕೇಳುತ್ತದೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಈ ಜಾಗ ಸೇರಿದೆ. ಅಲ್ಲಿ ನಿಂತರೆ ಒಂದು ಪ್ರಶ್ನೆ ಏಳುತ್ತದೆ. ಇಷ್ಟೆಲ್ಲ ಗೋರಿ ಕಟ್ಟಿದವರ ಮನೆಗಳು ಎಲ್ಲಿ? ಸಿಕ್ಕ ಗೋರಿಗಳಿಗೆ ಹೋಲಿಸಿದರೆ ಸಿಕ್ಕ ಊರುಗಳು ಬೆರಳೆಣಿಕೆ. ಬಿದಿರು, ಮಣ್ಣು, ಹುಲ್ಲಿನ ಮನೆ ಮಳೆಗೆ ಕರಗುತ್ತದೆ. ಅದೇ ಜಾಗದಲ್ಲಿ ಮುಂದಿನವರು ಊರು ಕಟ್ಟುತ್ತಾರೆ, ಹೊಲ ಉಳುತ್ತಾರೆ. ವಯನಾಡಿನಲ್ಲಂತೂ ಮನೆಗಳ ಸುಳಿವು ಸಿಗುವುದು ಇನ್ನೂ ದುರ್ಲಭ. ಇರುವ ಪುರಾವೆ ಗೋರಿಯದು ಮಾತ್ರ, ಅದನ್ನು ಕೆಡಿಸಿದರೆ ಆ ಜನ ಇದ್ದರೆಂಬುದಕ್ಕೆ ಬೇರೆ ಸಾಕ್ಷಿ ಕಡಿಮೆ.

ಪುಸ್ತಕಗಳು ಇವರನ್ನು ‘ಬೃಹತ್ ಶಿಲಾಯುಗದ ಜನ’ ಎಂದು ಕರೆಯುತ್ತವೆ. ನನಗೆ ಅದು ಹಿಡಿಸುವುದಿಲ್ಲ. ಸಾವಿರದೈನೂರು ವರ್ಷ, ಹತ್ತಾರು ಸೀಮೆ, ಬೇರೆಬೇರೆ ಗೋರಿ. ಎಲ್ಲವನ್ನೂ ಒಂದೇ ಜನಾಂಗ ಎನ್ನುವುದು ಸರಿಯಲ್ಲ. ಗೋರಿಯೊಳಗೆ ಕತ್ತಿ, ಬಾಣದ ಮೊನೆ ಇದ್ದ ಹಾಗೆ ಗುದ್ದಲಿ, ಕುಡುಗೋಲೂ ಇವೆ. ಕುದುರೆಯ ಕಡಿವಾಣ ಸಿಕ್ಕ ಕಡೆಯೂ ಉಂಟು. ತಮಿಳುನಾಡಿನ ಶಿವಗಳೈಯಲ್ಲಿ ಗುಡಾಣದೊಳಗೆ ಸಿಕ್ಕ ಭತ್ತದ ಕಾಲ ಕ್ರಿಸ್ತಪೂರ್ವ 1155 ಎಂದು ಅಲ್ಲಿನ ಸರ್ಕಾರ 2021ರಲ್ಲಿ ಪ್ರಕಟಿಸಿತು. ಉತ್ತವರು, ಬಿತ್ತಿದವರು, ಕಬ್ಬಿಣ ಕಾಯಿಸಿದವರು, ದೂರದೂರಿನಿಂದ ಕೆಂಪುಕಲ್ಲಿನ ಮಣಿ ತರಿಸಿಕೊಂಡವರು. ಇವರ ಸಾವು ಮಾತ್ರ ನಮಗೆ ಕಂಡಿದೆ.

ಈ ವಾಡಿಕೆ ಪೂರ್ತಿ ನಿಂತುಹೋಯಿತೇ ಎಂದರೆ ಹಾಗೂ ಇಲ್ಲ. ನೀಲಗಿರಿಯ ಇಳಿಜಾರಿನ ಕುರುಂಬರು ಮನೆಯಲ್ಲಿ ಸಾವಾದಾಗ ಹೊಳೆಯಲ್ಲಿ ನುಣುಪಾದ ಉದ್ದನೆಯ ಒಂದು ಕಲ್ಲನ್ನು ತಂದು ಹಳೆಯ ಕಲ್ಲುಗೋರಿಯೊಳಗೆ ಇಡುತ್ತಿದ್ದರು. ಆ ಗೋರಿಯನ್ನು ಅವರು ಕರೆಯುತ್ತಿದ್ದದ್ದು ಸಾವುಮನೆ ಎಂದು. ಬ್ರಿಟಿಷರ ಕಾಲದ ಬರಹಗಳಲ್ಲಿ ಇದು ದಾಖಲಾಗಿದೆ. ಎರಡು ಸಾವಿರ ವರ್ಷ ಹಳೆಯ ಕೋಣೆಗೆ ನಿನ್ನೆ ಸತ್ತವನ ಕಲ್ಲು. ಅಷ್ಟರಮಟ್ಟಿಗೆ ಅದು ಅವರಿಗೆ ಪಾಳುಬಿದ್ದದ್ದಲ್ಲ, ನಡೆಯುತ್ತಿದ್ದ ಮನೆ. ಅಗೆಯಲು ಹೋಗುವ ವಿದ್ವಾಂಸರು ಇದನ್ನು ಮರೆಯಬಾರದು. ಕಾಡಿನ ಹಾಡಿಗಳವರನ್ನು ಕೂಲಿಗೆ ಕರೆದು ಅವರ ಹಿರಿಯರ ಜಾಗವನ್ನು ಅವರ ಕೈಯಲ್ಲೇ ತೋಡಿಸಿದ್ದು ಹಿಂದೆ ಆಗಿದೆ. ಇನ್ನು ಮುಂದೆ ಅವರನ್ನು ಕೇಳಿ ಮಾಡುವುದು ಲೇಸು.

ಈಗಿನ ಗಂಡಾಂತರಕ್ಕೆ ಬರೋಣ. ಒಂದು, ನಿಧಿಯ ಆಸೆ. ಗುಡಾಣದೊಳಗೆ ಬಂಗಾರವಿದೆ ಎಂದು ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಕುಂಕುಮ ಹಿಡಿದು ಹೋಗುವವರು ಇದ್ದಾರೆ. ಅಲ್ಲಲ್ಲಿ ಎಳ್ಳಿನಷ್ಟು ಬಂಗಾರದ ಮಣಿ ಸಿಕ್ಕಿದ್ದು ನಿಜ. ಅದರ ಬೆಲೆ ಆ ರಾತ್ರಿಯ ಜೀಪಿನ ಬಾಡಿಗೆಗೂ ಸಾಲದು. ಎರಡನೆಯದು, ಇದಕ್ಕಿಂತ ದೊಡ್ಡದು, ಜೆಸಿಬಿ. ಹಾರೆ ಹಿಡಿದ ಆಳಿಗೆ ಕೈಯಲ್ಲಿ ತಿಳಿಯುತ್ತಿತ್ತು, ಕೆಳಗೆ ಏನೋ ಇದೆ ಎಂದು. ಜೆಸಿಬಿಗೆ ತಿಳಿಯುವುದಿಲ್ಲ. ಗುಡ್ಡ ಕಡಿದು ಮಟ್ಟ ಮಾಡಿ ಮನೆ, ರೆಸಾರ್ಟು ಕಟ್ಟುವಾಗ ಒಂದು ಸ್ಮಶಾನವೇ ಅರ್ಧ ದಿನದಲ್ಲಿ ಲಾರಿಗೆ ತುಂಬಿ ಹೋಗಬಹುದು. ಮೂರನೆಯದು ನಮ್ಮ ಹೆದರಿಕೆ. ಸುದ್ದಿ ಕೊಟ್ಟರೆ ಸರ್ಕಾರ ಜಮೀನು ಕಿತ್ತುಕೊಳ್ಳುತ್ತದೆ ಎಂದು ರಾತ್ರೋರಾತ್ರಿ ಒಡೆದು ಮುಚ್ಚುತ್ತಾರೆ. ಈ ಹೆದರಿಕೆ ಬಹುಮಟ್ಟಿಗೆ ಇಲ್ಲದ್ದು. ಆಕಸ್ಮಿಕವಾಗಿ ಸಿಕ್ಕ ಗುಡಾಣವನ್ನು ದಾಖಲಿಸಿ ಎತ್ತಿಕೊಂಡು ಹೋಗುವುದೇ ಸಾಮಾನ್ಯ ಕ್ರಮ. ತೋಟ ತೋಟವಾಗಿಯೇ ಉಳಿಯುತ್ತದೆ. ಆದರೂ ಜನ ಹೆದರುತ್ತಾರೆಂದರೆ, ಇಲಾಖೆಗಳು ಊರಿಗೆ ಬಂದು ನಾಲ್ಕು ಮಾತು ತಿಳಿಸಿ ಹೇಳಿಲ್ಲ ಎಂದೇ ಅರ್ಥ. ಆ ತಪ್ಪನ್ನು ರೈತರ ತಲೆಗೆ ಕಟ್ಟಲಾರೆ.

ಕಾನೂನು ಸ್ಪಷ್ಟವಾಗಿದೆ. ಕರ್ನಾಟಕದಲ್ಲಿ 1962ರ ನಿಧಿ ಕಾಯಿದೆ, ಕೇರಳದಲ್ಲಿ 1968ರ ಕಾಯಿದೆ. ನೆಲದಲ್ಲಿ ಹಳೆಯ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಬಚ್ಚಿಡುವುದು ಅಪರಾಧ. ವೆಳ್ಳಮುಂಡದ ಕಡೆಯವರು ವಿಲೇಜ್ ಆಫೀಸಿಗೆ ಹೋಗಿ ಹೇಳಿದರೆ ಸಾಕು, ಅಲ್ಲಿಂದ ತಹಸೀಲ್ದಾರರಿಗೂ ಕಲೆಕ್ಟರಿಗೂ ಹೋಗುತ್ತದೆ. ಕೊಡಗು, ಮೈಸೂರು ಕಡೆಯವರು ಗ್ರಾಮ ಆಡಳಿತ ಅಧಿಕಾರಿಗೆ ಹೇಳಿ, ಇಲ್ಲವೇ ಮೈಸೂರಿನ ಪುರಾತತ್ವ ಇಲಾಖೆಗೆ ಒಂದು ಕಾಗದ ಹಾಕಿ. ಅಧಿಕಾರಿ ಬರುವತನಕ ಗುಂಡಿಯನ್ನು ಮುಂದಕ್ಕೆ ತೋಡಬೇಡಿ. ಒಳಗಿನ ಮಣ್ಣನ್ನು ತೆಗೆಯಬೇಡಿ, ಮಡಕೆಯನ್ನು ತೊಳೆಯಬೇಡಿ, ಮಣಿಗಳನ್ನು ಆಯ್ದು ಡಬ್ಬಿಗೆ ಹಾಕಬೇಡಿ. ಮಳೆಗಾಲವಾದರೆ ಮೇಲೊಂದು ಟಾರ್ಪಾಲು ಹೊದಿಸಿ, ಸುತ್ತ ಕಡ್ಡಿ ನೆಟ್ಟು ಹಗ್ಗ ಕಟ್ಟಿ. ಫೋನಿನಲ್ಲಿ ನಾಲ್ಕೂ ದಿಕ್ಕಿನಿಂದ ಒಂದೊಂದು ಚಿತ್ರ ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಕತ್ತಿಯನ್ನೋ ಅಡಿಪಟ್ಟಿಯನ್ನೋ ಇಡಿ. ಜೆಸಿಬಿಯವನಿಗೆ ಅವತ್ತಿನ ಬಾಡಿಗೆ ಕೊಟ್ಟು ವಾಪಸ್ಸು ಕಳಿಸಿ.